ಹೆಣ್ಣು ನೋಡಲು ಬಂದವರು ಹಕ್ಕಿ ನೋಡಿ ಹೋದದ್ದು

ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದ ದಿನದಿಂದ ಅಮ್ಮ ಮನೆಮಂದಿಯ ಕಾಫಿಗೆಲ್ಲ ಬೆಲ್ಲ ಹಾಕಿ, ಉಳಿಸಿದ ಸಕ್ಕರೆಯನ್ನು ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಗಣಪತಿ ಹಬ್ಬ ಕಳೆದಿತ್ತು. ಹುಣ್ಣಿಮೆ ದಾಟಿದರೆ ಪಿತೃಪಕ್ಷ, ಆಮೇಲೆ ಶುಭದ ಮಾತೆತ್ತುವ ಹಾಗಿಲ್ಲ. ಹಾಗಾಗಿ ನಡುವೆ ಸಿಕ್ಕಿದ ಒಂದು ಭಾನುವಾರವನ್ನು ಎರಡೂ ಕಡೆಯವರು ಅವಸರದಲ್ಲಿ ಗೊತ್ತು ಮಾಡಿಕೊಂಡಿದ್ದರು.

ನಮ್ಮ ಮನೆ ಜೋಗುಪಾಳ್ಯದಲ್ಲಿತ್ತು. ಹಿತ್ತಲಲ್ಲಿ ಬಾವಿ, ಅದರಾಚೆ ತರಕಾರಿ ತೋಟ. ಅಪ್ಪ ಹುರುಳಿಕಾಯಿ, ಎಲೆಕೋಸು ಬೆಳೆದು ಬಿಳಿಯರ ಸೈನ್ಯವಿದ್ದ ದಂಡಿನ ಮಾರ್ಕೆಟ್ಟಿಗೆ ಹಾಕುತ್ತಿದ್ದ. ದೊರೆಗಳ ಅಡಿಗೆಯವರ ಜೊತೆ ದಿನವೂ ತಮಿಳಿನಲ್ಲಿ ಜಗಳವಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಹುಡುಗ ಕೆ.ಆರ್. ಪುರದವನು, ಶಾಲೆಯಲ್ಲಿ ಮೇಷ್ಟ್ರು. ಈಗ ನಾನು ‘ಅವರು’ ಎನ್ನುತ್ತೇನೆ. ಆ ದಿನ ಬರೀ ‘ಹುಡುಗ’.

ಜಟಕಾ ಬಂದು ನಿಂತಿತು. ಹುಡುಗನ ತಾಯಿ ಇಳಿದರು, ಅವರ ಹಿಂದೆ ಕಿವಿ ಸರಿಯಾಗಿ ಕೇಳದ ಸೋದರಮಾವ ಇಳಿದರು. ಹುಡುಗ ಇಳಿಯಲಿಲ್ಲ. ಅವನು ಜಟಕಾದಲ್ಲಿರಲೇ ಇಲ್ಲ.

“ಸೈಕಲ್ಲಲ್ಲಿ ನಮಗಿಂತ ಮುಂಚೇನೇ ಹೊರಟ್ನಲ್ಲ, ಇನ್ನೂ ಬಂದಿಲ್ವಾ?” ಎಂದರು ತಾಯಿ.

“ದುಲ್ಹಾ ಕಿದರ್?” ಎಂದು ಜಟಕಾದವನೂ ಕುದುರೆ ಬಿಚ್ಚುತ್ತಾ ಕೇಳಿದ. ಮದುಮಗ ಎಲ್ಲಿ ಎಂದು ಅಪ್ಪ ಬೀದಿಯ ತುದಿಯವರೆಗೂ ಹೋಗಿ ನೋಡಿ ಬಂದ. ಕೇಸರಿಬಾತು ಆರಿತು. ಉಪ್ಪಿಟ್ಟು ಗಟ್ಟಿಯಾಯಿತು. ನಾನು ಅಮ್ಮನ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಅಡಿಗೆಮನೆಯ ಕದದ ಹಿಂದೆ ನಿಂತಿದ್ದೆ.

ಕೊನೆಗೂ ಹುಡುಗ ಬಂದ. ಪ್ಯಾಂಟು ಮಂಡಿಯವರೆಗೆ ಒದ್ದೆ, ಒಂದು ಕಾಲಿನ ಬೂಟಿನಲ್ಲಿ ಕೆಸರು, ಕೊರಳಲ್ಲಿ ದೊಡ್ಡದೊಂದು ದುರ್ಬೀನು. ಯುದ್ಧ ಮುಗಿದ ಮೇಲೆ ಊರಿಗೆ ಹೊರಟ ಯಾವನೋ ಸೋಲ್ಜರ್ ಬಿಟ್ಟುಹೋದದ್ದಂತೆ.

“ಪಂಕ್ಚರ್ ಆಗಿರುತ್ತೆ,” ಎಂದರು ತಾಯಿ.

“ಯಾರೋ ಸ್ನೇಹಿತರು ಸಿಕ್ಕಿರ್ತಾರೆ,” ಎಂದರು ಮಾವ, ಅದೇ ಹೊತ್ತಿಗೆ.

“ಎರಡೂ ಅಲ್ಲ. ಹಲಸೂರು ಕೆರೆಗೆ ಬಾತು ಬಂದಿದ್ವು,” ಎಂದ ಹುಡುಗ.

ಅಪ್ಪನ ಮುಖ ಅರಳಿತು. ಮೇಷ್ಟ್ರು ಕೆಲಸದ ಜೊತೆಗೆ ಕೋಳಿ ಬಾತಿನ ವ್ಯಾಪಾರವೂ ಇದ್ದರೆ ಹುಡುಗ ಕೈಲಾಗುವವನೇ ಎಂದುಕೊಂಡಿರಬೇಕು.

“ಒಳ್ಳೇದು, ಒಳ್ಳೇದು! ದಿನಾ ಮೊಟ್ಟೆ ಇಡ್ತವಾ?”

“ಇಲ್ಲಿ ಇಡಲ್ಲ. ಅವು ಮೊಟ್ಟೆ ಇಡೋದು ಹಿಮಾಲಯದ ಆಚೆ.”

ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. “ಅಷ್ಟು ದೂರದಿಂದ ಮೊಟ್ಟೆ ತರೋದು ಹೆಂಗೆ?” ಎಂದ ಕೊನೆಗೆ.

ಹುಡುಗ ಬಿಡಿಸಿ ಹೇಳಿದ. ಕಾಡುಬಾತುಗಳು, ಚಳಿಗಾಲ ಕಳೆಯಲು ಬರುತ್ತವೆ, ಈ ವರ್ಷ ಇವೇ ಮೊದಲು. “ಈ ತಿಂಗಳಲ್ಲಿ ಮಾತ್ರ ಗಂಡು ಹೆಣ್ಣು ಒಂದೇ ಥರ ಕಾಣ್ತವೆ. ಎಷ್ಟು ನೋಡಿದ್ರೂ ಹೆಣ್ಣು ಯಾವ್ದು ಅಂತ ಗೊತ್ತಾಗಲ್ಲ,” ಎಂದ. ಹೆಣ್ಣು ನೋಡಲು ಬಂದವನ ಬಾಯಲ್ಲಿ ಈ ಮಾತು ಕೇಳಿ ಅವನ ತಾಯಿ ಕಣ್ಣು ಮುಚ್ಚಿಕೊಂಡರು.

ಅಮ್ಮ ನನ್ನನ್ನು ತಂದು ಚಾಪೆಯ ಮೇಲೆ ಕೂರಿಸಿದಳು. ತಲೆ ತಗ್ಗಿಸಿ ಕೂತೆ. ಕದ್ದು ಒಮ್ಮೆ ಕಣ್ಣೆತ್ತಿದರೆ ಹುಡುಗ ನನ್ನ ಕಿವಿಯ ಪಕ್ಕದಿಂದ ಎಲ್ಲೋ ನೋಡುತ್ತಿದ್ದಾನೆ. ಇನ್ನೊಮ್ಮೆ ನೋಡಿದೆ. ಈಗ ಕತ್ತು ವಾರೆ ಮಾಡಿ, ನನ್ನ ಭುಜದ ಮೇಲಿಂದ ನೋಡುತ್ತಿದ್ದಾನೆ. ಅಯ್ಯೋ, ಮೆಳ್ಳೆಗಣ್ಣು ಎಂದು ನನಗೆ ಅಳುವೇ ಬಂತು.

“ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಪ್ಪ,” ಎಂದ ಅಪ್ಪ.

ಹಾಡು ಬರುತ್ತಾ, ಎಷ್ಟನೇ ಕ್ಲಾಸು ಓದಿದ್ದೀಯ ಎಂದು ಕೇಳಬಹುದೆಂದು ಉತ್ತರಗಳನ್ನು ಉರು ಹೊಡೆದಿದ್ದೆ. ಹುಡುಗ ನನ್ನ ಬೆನ್ನ ಹಿಂದೆ ಬೆರಳು ತೋರಿಸಿ, “ಅದು ಯಾವತ್ತು ಬಂತು?” ಎಂದ.

ಎಲ್ಲರೂ ತಿರುಗಿದರು. ಹಿತ್ತಲ ಬಾಗಿಲು ತೆರೆದಿತ್ತು. ಬಾವಿಕಟ್ಟೆಯ ಮೋರಿಯ ಅಂಚಿನಲ್ಲಿ ಬೂದುಬೆನ್ನಿನ ಸಣ್ಣ ಹಕ್ಕಿಯೊಂದು ಉದ್ದ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ನನಗೆ ಧೈರ್ಯ ಬಂತು. ಪಾತ್ರೆ ತೊಳೆಯುವಾಗ ನನಗಿದ್ದ ಜೊತೆಯೆಂದರೆ ಅದೊಂದೇ.

“ಗಣಪತಿ ಹಬ್ಬದ ದಿನ ಬೆಳಿಗ್ಗೆ.”

“ಅಷ್ಟು ಬೇಗ್ನಾ? ನಮ್ಮೂರಿಗೆ ನೆನ್ನೆ ಬಂದಿದ್ದು! ಬಾಲದ ಬುಡ ಹಳದಿ ಇರೋದೇ ತಾನೇ?”

“ಹೂಂ, ಹಳದೀದೇ. ಹೋದ ವರ್ಷನೂ ಇದೇ ಮೋರಿಗೆ ಬಂದಿತ್ತು. ಚಳಿ ಮುಗಿಯೋವರೆಗೂ ಇತ್ತು.”

ಹುಡುಗ ಚಾಪೆಯ ಅಂಚಿನವರೆಗೆ ಜರುಗಿದ್ದ. ಆಗ ಮಾವನವರು ಅಂಗೈಯನ್ನು ಕಿವಿಗೆ ಹಿಡಿದು, “ಏನದು ಹಕ್ಕಿ? ಏನಂತಾರೆ ಅದಕ್ಕೆ?” ಎಂದು ನನ್ನನ್ನೇ ಕೇಳಿದರು.

ಆ ಹಕ್ಕಿಗೆ ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಹಿತ್ತಲಲ್ಲಿ ಹೆಂಗಸರು ಹೆಂಗಸರೇ ಇರುವಾಗ ಆಡುವ ಹೆಸರು. ಅಮ್ಮ ಕದದ ಮರೆಯಿಂದ ಕೈಯಾಡಿಸಿ ಬೇಡ, ಬೇಡ ಎಂದಳು. ಆದರೆ ಹಿರಿಯರು ಕೇಳಿದ ಮೇಲೆ ಹೇಳದಿರುವುದು ಹೇಗೆ?

“ಕುಂಡೆಕುಸ್ಕ,” ಎಂದೆ ಮೆಲ್ಲಗೆ.

“ಏನು? ಕೇಳಿಸ್ಲಿಲ್ಲ. ಜೋರಾಗಿ ಹೇಳಮ್ಮ.”

“ಕುಂಡೆಕುಸ್ಕ!”

ನನ್ನ ಗಂಟಲು ಅಪ್ಪನಿಂದ ಬಂದದ್ದು. ಪಕ್ಕದ ಮನೆಯ ನಾಯಿ ಬೊಗಳಿತು, ಹಕ್ಕಿ ಹಾರಿಹೋಯಿತು, ಅಡಿಗೆಮನೆಯಲ್ಲಿ ಲೋಟವೊಂದು ಉರುಳಿತು. ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಬಗ್ಗಿಸಿದರು. ಅವರ ಭುಜ ಅಲುಗುತ್ತಿತ್ತು. ಅವಮಾನವಾಗಿ ಅಳುತ್ತಿದ್ದಾರೆ ಎಂದುಕೊಂಡೆವು. ಕಾಫಿ ಕುಡಿದವರೇ ಜಟಕಾ ಹತ್ತಿದರು.

“ಇಡೀ ದಂಡಿಗೇ ಕೇಳಿಸೋ ಹಂಗೆ ಕೂಗಿದಳಲ್ಲ,” ಎಂದು ಅಪ್ಪ ಇಡೀ ದಂಡಿಗೇ ಕೇಳಿಸುವ ಹಾಗೆ ಕೂಗಿದ. ಅಮ್ಮ ಸಕ್ಕರೆಯನ್ನು ನೆನೆದು ಅತ್ತಳು. ಅವರಿಂದ ಸುದ್ದಿ ಬರಲಿಲ್ಲ. ಹುಣ್ಣಿಮೆ ಕಳೆದು ಪಕ್ಷ ಶುರುವಾಯಿತು.

ಪಕ್ಷದ ನಟ್ಟನಡುವೆ ಒಂದು ಬೆಳಿಗ್ಗೆ ಹುಡುಗ ಒಬ್ಬನೇ ಸೈಕಲ್ಲಿನಲ್ಲಿ ಬಂದು ನಿಂತ. ಅಪ್ಪ ಹೌಹಾರಿದ.

“ಪಕ್ಷದಲ್ಲಿ ಮದುವೆ ಮಾತಾಡ್ತಾರೇನ್ರೀ? ಕಳೀಲಿ, ಆಮೇಲೆ ಬನ್ನಿ.”

“ಮದುವೆ ಮಾತಿಗೆ ಬಂದಿಲ್ಲ. ಪಕ್ಷಿ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಇದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ಅಪ್ಪನಿಗೆ ತಿಳಿಯಲಿಲ್ಲ. ಮನೆ ಬಾಗಿಲಿಗೆ ಬಂದವನನ್ನು ಅಟ್ಟುವ ಹಾಗಿಲ್ಲ, ಬೆಳೆದ ಮಗಳಿರುವ ಹಿತ್ತಲಲ್ಲಿ ಒಬ್ಬನನ್ನೇ ಬಿಡುವ ಹಾಗೂ ಇಲ್ಲ. ಕೊನೆಗೆ ಹುಡುಗನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ತಾನು ಪಕ್ಕದಲ್ಲೇ ಕಾವಲು ಕೂತ. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೆಳ್ಳೆಗಣ್ಣಲ್ಲ ಎಂಬುದು ಅವತ್ತು ಖಾತ್ರಿಯಾಯಿತು.

ಬಿಡುವಾದಾಗಲೆಲ್ಲ ಹುಡುಗ ಬರತೊಡಗಿದ. ಕಾವಲು ಕೂತವನಿಗೆ ಬೇರೇನು ಕೆಲಸ? ಅಪ್ಪನೂ ಹಕ್ಕಿಯನ್ನೇ ನೋಡಬೇಕಾಯಿತು. ಒಂದು ದಿನ ದುರ್ಬೀನು ಇಸಕೊಂಡು ತಿರುಗುಮುರುಗಾಗಿ ಹಿಡಿದು, “ಏನ್ರೀ ಇದು, ಜೋಗುಪಾಳ್ಯ ವೈಟ್‌ಫೀಲ್ಡಿಗೆ ಹೋಗ್ಬಿಡ್ತು,” ಎಂದ. ಇನ್ನೊಂದು ದಿನ ಹುಡುಗ ಬರುವ ಮುಂಚೆಯೇ ಬಾಗಿಲಿಗೆ ಹೋಗಿ ಕಾದು, “ಬೇಗ ಬನ್ನಿ, ಇನ್ನೊಂದು ಬಂದೈತೆ! ಎರಡಕ್ಕೂ ಮೋರಿಗೋಸ್ಕರ ಜಗಳ,” ಎಂದು ಕೈ ಹಿಡಿದು ಎಳೆದುಕೊಂಡು ಬಂದ. ಕಾಗೆ ಬಂದರೆ ಕಲ್ಲು ಬೀರುತ್ತಿದ್ದ. ಮೋರಿಗೆ ಸೀಗೆಪುಡಿ ನೀರು ಬಿಡಬೇಡವೆಂದು ಅಮ್ಮನಿಗೆ ಕಟ್ಟಪ್ಪಣೆ ಮಾಡಿದ. ಒಂದು ಮುಂಜಾನೆ ಎಲೆಕೋಸಿನ ಗಾಡಿಯನ್ನು ಮಾರ್ಕೆಟ್ಟಿನ ದಾರಿಯಲ್ಲೇ ಬಿಟ್ಟು ಹುಡುಗನ ಜೊತೆ ಹಲಸೂರು ಕೆರೆಗೆ ಇಳಿದು, ಪಂಚೆ ಪೂರ್ತಿ ಕೆಸರು ಮಾಡಿಕೊಂಡು ಬಂದ. “ಹಿಮಾಲಯದಿಂದ ಬಂದಿರೋವು ಕಣೇ, ನಮ್ಮ ಕೆರೆಗೆ!” ಎಂದು ಅಮ್ಮನಿಗೆ ಹೇಳಿದ, ತಾನೇ ಕರೆಸಿದವನ ಹಾಗೆ.

ಪಕ್ಷ ಕಳೆಯಿತು. ನವರಾತ್ರಿಯಲ್ಲಿ ಹುಡುಗನ ತಾಯಿ ತಾವೇ ಬಂದರು. ಅವತ್ತು ಅವರು ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದರಂತೆ. ಮನೆಗೆ ಹೋಗುವವರೆಗೂ ಜಟಕಾದಲ್ಲಿ ನಕ್ಕಿದ್ದರಂತೆ.

“ನನಗೆ ಹುಡುಗಿ ಬಹಳ ಹಿಡಿಸಿದ್ಲು. ಇವನನ್ನ ಕೇಳಿದ್ರೆ, ಮುಖ ಸರಿಯಾಗಿ ನೋಡೇ ಇಲ್ಲ ಅಂತಾನೆ. ಇನ್ನೊಂದ್ಸಲ ತೋರಿಸ್ಬಿಡಿ. ಹಿತ್ತಲ ಬಾಗ್ಲು ಮಾತ್ರ ಹಾಕಿರಿ,” ಎಂದರು.

ಹಾಗೆಯೇ ಆಯಿತು. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿ, ಆ ಮಬ್ಬಿನಲ್ಲಿ ನನ್ನನ್ನು ಕೂರಿಸಿದರು. ಹುಡುಗ ನನ್ನನ್ನೇ ನೋಡಿದ. ಬೇರೆ ನೋಡಲು ಏನೂ ಇರಲಿಲ್ಲ. ಒಪ್ಪಿಗೆ ಎಂದ. ಆಮೇಲೆ, ಯಾರೂ ಹೇಳಿಕೊಡದಿದ್ದರೂ, “ನೀವೇನಾದ್ರೂ ಕೇಳೋದಿದ್ಯಾ?” ಎಂದು ನನ್ನನ್ನು ಕೇಳಿದ.

“ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಇದೆಯಾ?” ಎಂದೆ.

ಇರಲಿಲ್ಲ. ಮುಂದಿನ ವಾರವೇ ದಂಡಿನ ಸೈಕಲ್ ಅಂಗಡಿಯಲ್ಲಿ ಗಟ್ಟಿಯಾದದ್ದೊಂದನ್ನು ಹಾಕಿಸಿಕೊಂಡು ಬಂದು ತೋರಿಸಿದ. ಮದುವೆಗೆ ಮುಂಚೆ ನಾನು ಹತ್ತಿ ಕೂರುವ ಹಾಗಿರಲಿಲ್ಲ. ಕೆ.ಆರ್. ಪುರದ ಕೆರೆ ಆಗಲೇ ಹಕ್ಕಿಯಿಂದ ತುಂಬಿದೆ ಎಂದು ಹುಡುಗ ವರ್ಣಿಸುತ್ತಿದ್ದಾಗ ಅಪ್ಪ ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ. ಕ್ಯಾರಿಯರ್ ತಡೆಯುತ್ತೋ ಇಲ್ಲವೋ ಒಂದು ಸಲ ನೋಡಿಬಿಡಬೇಕು ಎಂದು ಹತ್ತಿ ಕೂತ. ಇಬ್ಬರೂ ಹೊರಟೇಹೋದರು. ನಾನು ಗೇಟಿನಲ್ಲಿ ನಿಂತು, ದುರ್ಬೀನನ್ನು ತನ್ನ ಕೊರಳಿಗೇ ಹಾಕಿಕೊಂಡಿದ್ದ ನಮ್ಮಪ್ಪ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.