ಹೊರಗೆ ಕೊಟ್ಟ ಸೀರೆ

ವಿಶಾಲಕ್ಕನ ಮನೆಯಲ್ಲಿ ಒಳ್ಳೆಯ ಗ್ರೈಂಡರ್ ಇತ್ತು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟಿದ್ದರು. ದೋಸೆಹಿಟ್ಟು ಮಾತ್ರ ಬೀದಿ ಕೊನೆಯ ಗಿರಿಜಮ್ಮನ ಮನೆಯಿಂದ ಬರುತ್ತಿತ್ತು. ಇಸ್ತ್ರಿಪೆಟ್ಟಿಗೆ ಇದ್ದರೂ ಬಟ್ಟೆ ಇಸ್ತ್ರಿಯವನಿಗೆ, ಸೂಜಿದಾರ ಇದ್ದರೂ ಸೀರೆಯ ಫಾಲ್ ಮತ್ತೊಬ್ಬರಿಗೆ. ಏನು ಕೇಳಿದರೂ ಒಂದೇ ಉತ್ತರ: "ಹೊರಗೆ ಕೊಟ್ಟಿದೀನಿ ಮಾರಾಯ್ತಿ."

ವಿದ್ಯಾನಗರದ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ, ಒಬ್ಬಳೇ. ಬೆಳಿಗ್ಗೆ ಕೆಲಸಕ್ಕೆಂದು ಶಂಕರಘಟ್ಟದ ಬಸ್ಸು ಹಿಡಿದರೆ ಸಂಜೆಯೇ ವಾಪಸು. ಕೆಳಗೆ ಮನೆಯೊಡತಿ ವಿಶಾಲಕ್ಕ, ಅವರೂ ಒಬ್ಬರೇ. ಭದ್ರಾವತಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಮೈಗಳ್ಳಿ ಎಂದು ಆಡಿಕೊಳ್ಳಲು ಮಾತ್ರ ಎಲ್ಲರೂ ಧೈರ್ಯವಂತರೇ.

ಅವರದೊಂದು ಕಟ್ಟಳೆಯಿತ್ತು. ಕೆಲಸ ಮಾಡಿದವರೇ ತಂದುಕೊಡಬೇಕು. ಬೇರೆಯವರ ಕೈಲಿ ಕಳಿಸಿದರೆ ಮುಖ ಗಂಟಿಕ್ಕುತ್ತಿದ್ದರು. "ಅರ್ಜೆಂಟೇನಿಲ್ಲ. ಆದ್ರೆ ನೀವೇ ಬಂದು ಕೊಡಿ" ಎನ್ನುವರು. ಬಂದವರು ಕೂರಬೇಕು, ಕಾಫಿ ಕುಡಿಯಬೇಕು, ಮಗಳ ಪರೀಕ್ಷೆ, ಮಾವನ ಮಂಡಿನೋವು ಎಲ್ಲ ಹೇಳಬೇಕು. ಇಸ್ತ್ರಿಯವನಂತೂ ಸೈಕಲ್ಲಿಗೆ ಬೀಗ ಹಾಕಿಯೇ ಒಳಗೆ ಹೋಗುತ್ತಿದ್ದ.

ಸೀರೆಯ ಸೆರಗಿಗೆ ಕುಚ್ಚು ಕಟ್ಟಲು ವಿಶಾಲಕ್ಕನಿಗೆ ಭದ್ರಾವತಿಯ ಸೆಲ್ವಿಯವರೇ ಆಗಬೇಕು. ಒಂದು ಭಾನುವಾರ ನಾನು ಕೆಳಗಿಳಿದಾಗ ವಿಶಾಲಕ್ಕ ಕಿಟಕಿಯ ಬಳಿ ಕೂತು, ಸೆಲ್ವಿ ಆಗಷ್ಟೇ ಕಟ್ಟಿಕೊಟ್ಟಿದ್ದ ಹಸಿರು ಸೀರೆಯ ಕುಚ್ಚುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಚೆನ್ನಾಗಿತ್ತಲ್ಲ ವಿಶಾಲಕ್ಕ, ಯಾಕೆ ಬಿಚ್ತಿದೀರಿ?"

"ಮತ್ತೆ ಹೊರಗೆ ಕೊಡೋಕೆ."

ನಾನು ಬೆಪ್ಪಾಗಿ ನಿಂತದ್ದು ನೋಡಿ ನಕ್ಕರು. ಆಮೇಲೆ ಸೂಜಿ ಕೆಳಗಿಟ್ಟರು.

"ನಮ್ಮ ಆಫೀಸಲ್ಲಿ ಕೆಲಸ ಎಲ್ಲಾ ಹೊರಗುತ್ತಿಗೆ ಕೊಟ್ರು. ಟೈಪಿಂಗ್ ಹೋಯ್ತು, ಕ್ಯಾಂಟೀನ್ ಹೋಯ್ತು. ಕೊನೆಗೆ ಅಷ್ಟು ದೊಡ್ಡ ಹಾಲ್‌ನಲ್ಲಿ ನಾನೊಬ್ಳೇ. ಅಲ್ಲಿ ಹೊರಗೆ ಕೊಟ್ಟಿದ್ದಕ್ಕೆ ಜನ ಹೋದ್ರು. ಇಲ್ಲಿ ನಾನು ಏನೂ ಕೊಡ್ದೇ ಇದ್ರೆ ಯಾರು ಬರ್ತಾರೆ ಹೇಳು?"

ಅಂದೇ ನನಗೆ ಕುಚ್ಚು ಕಟ್ಟುವುದನ್ನು ಕಲಿಸಿದರು. ಮೈಗಳ್ಳಿಯ ಬೆರಳುಗಳು ಬಹಳ ಚುರುಕಾಗಿದ್ದವು.

ಈ ವರ್ಷ ಯುಗಾದಿ ಕಳೆದ ಮೇಲೆ, ಮಧ್ಯಾಹ್ನ ಮಲಗಿದ ವಿಶಾಲಕ್ಕ ಏಳಲಿಲ್ಲ. ಮೊದಲು ನೋಡಿದ್ದು ಹಿಟ್ಟು ತಂದ ಗಿರಿಜಮ್ಮ. ಕೆಳಮನೆಗೆ ಬೀಗ ಬಿತ್ತು. ಯಾರೊಂದಿಗೂ ಒಂದು ಮಾತಾಡದೆ ಇಡೀ ಭಾನುವಾರ ಕಳೆಯುವುದೆಂದರೆ ಏನೆಂದು ನನಗೆ ಆಗ ತಿಳಿಯಿತು. ಮನೆ ತುಂಬ ಬಿಕೋ ಎನ್ನುತ್ತಿತ್ತು.

ಅಂಥದ್ದೇ ಒಂದು ಭಾನುವಾರ ಸೆಲ್ವಿ ಹಸಿರು ಸೀರೆ ಹಿಡಿದು ಬೀಗದ ಮುಂದೆ ನಿಂತಿದ್ದರು. ಅವರಿಗೆ ಸುದ್ದಿಯೇ ತಿಳಿದಿರಲಿಲ್ಲ. ಮೇಲೆ ಕರೆದುಕೊಂಡು ಬಂದು ಹೇಳಿದೆ. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅತ್ತರು.

"ಪ್ರತಿಸಲ ಇದೇ ಸೀರೆ ಅಂತ ನಂಗೊತ್ತಿತ್ತಕ್ಕಾ. ಸೆರಗಲ್ಲಿ ಕಾಫಿ ಕಲೆ ಇದೆ ನೋಡಿ. ಕೇಳಿದ್ರೆ ಕೊಡೋದು ನಿಲ್ಲಿಸ್ಬಿಡ್ತಾರೇನೋ ಅಂತ ಕೇಳ್ಲಿಲ್ಲ. ನಂಗೂ ಯಾರಿದಾರೆ?"

ಕಾಫಿ ಮಾಡಿಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಹೊರಡಲು ಎದ್ದರು. ಕುಚ್ಚು ಕಟ್ಟುವುದು ಈಗ ನನಗೂ ಬರುತ್ತದೆ. ಆದರೂ ಬೀರು ತೆಗೆದು, ನನ್ನ ನೀಲಿ ಸೀರೆಯೊಂದನ್ನು ಅವರ ಚೀಲಕ್ಕೆ ಹಾಕಿದೆ.

"ಅರ್ಜೆಂಟೇನಿಲ್ಲ ಸೆಲ್ವಿ" ಎಂದೆ. "ಆದ್ರೆ ನೀವೇ ಬಂದು ಕೊಡಿ."