ತೇಯ್ದ ವರಹ

ನಮ್ಮ ಮನೆಯಲ್ಲೊಂದು ಚಿನ್ನದ ವರಹವಿದೆ. ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು. ಒಂದು ಮುಖದಲ್ಲಿ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದರಲ್ಲಿ ನಾಗರಿ ಅಕ್ಷರಗಳಿವೆ. ಅಂಚು ಒಂದು ಕಡೆ ಮಾತ್ರ ಚಪ್ಪಟೆಯಾಗಿದೆ. ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಸಾಣೆಕಲ್ಲಿನ ಮೇಲೆ ಜೇನುತುಪ್ಪ ಬಿಟ್ಟು, ವರಹದ ಅದೇ ಅಂಚನ್ನು ತೇಯ್ದು, ಆ ಜೇನನ್ನು ಮಗುವಿನ ನಾಲಿಗೆಗೆ ಸವರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸವರಿದವರ ಗುಣ ಮಗುವಿಗೆ ಬರುತ್ತದೆಂದು ಅಮ್ಮನ ನಂಬಿಕೆ. ನನಗೆ ಸವರಿದ್ದು ಸೋದರತ್ತೆ. ಆಕೆ ಮಲಗುವ ಮುಂಚೆ ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡುವವಳು. ನಾನು ಓದು ಮುಗಿಸಿ ಬಿಡದಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡಿ ಪಾಸು ಫೇಲು ಮಾಡುವ ಕೆಲಸಕ್ಕೆ ಸೇರಿದಾಗ ಅಮ್ಮ ಅತ್ತೆಯನ್ನೇ ನೆನೆದು ನಕ್ಕಿದ್ದಳು.

ಹೆಂಡತಿ ಬಸುರಿಯಾಗಿದ್ದಾಗ ಅಮ್ಮ ಮಾಗಡಿ ಕಡೆಯ ನಮ್ಮೂರಿಂದ ವರಹವನ್ನು ತಂದುಕೊಟ್ಟಳು. ನಾಣ್ಯ ಸಂಗ್ರಹಿಸುವ ಸಹೋದ್ಯೋಗಿಯೊಬ್ಬ ಅದನ್ನು ನೋಡಿ, ನನ್ನನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರ ಹತ್ತಿರ ಕರೆದೊಯ್ದ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮುಂಬೈಯಲ್ಲಿ ಇಂಥ ನಾಣ್ಯಗಳನ್ನು ಪರೀಕ್ಷೆ ಮಾಡಿ, ಗುಣಮಟ್ಟಕ್ಕೆ ಒಂದು ದರ್ಜೆ ಕೊಟ್ಟು, ಯಾರೂ ಮುಟ್ಟಲಾಗದಂತೆ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲು ಮಾಡಿ ಕೊಡುವವರಿದ್ದಾರೆ, ಅಲ್ಲಿಗೆ ತಾವೇ ಕಳಿಸಿಕೊಡುವುದಾಗಿ ಹೇಳಿದರು. "ಸವೆತ ಪಾರ್ವತಿಯ ಮಂಡಿಯವರೆಗೆ ಬಂದು ನಿಂತಿದೆ. ಇನ್ನೊಂದು ಸಲ ತೇಯ್ದರೆ ಮಂಡಿ ಹೋಗುತ್ತೆ, ಆಮೇಲೆ ದರ್ಜೆಯ ಮಾತಿಲ್ಲ. ಕೊಡೋದಾದರೆ ಈಗಲೇ ಕೊಡಿ."

ಮಾರುವ ಯೋಚನೆ ನನಗಿರಲಿಲ್ಲ. ಇಷ್ಟು ತಲೆಮಾರು ದಾಟಿ ಬಂದದ್ದು ನನ್ನ ಕೈಯಲ್ಲಿ ಇನ್ನಷ್ಟು ಸವೆಯುವುದು ಬೇಡ, ಅಷ್ಟೇ. ಅಮ್ಮನಿಗೆ ಹೇಳಿದೆ.

"ಸೀಲ್ ಮಾಡ್ಸಿ ಇಟ್ಬುಟ್ರೆ ಮಗೀಗೆ ಏನ್ಲಾ ತೇಯ್ಲಿ? ನಿನ್ ಸರ್ಟಿಫಿಕೇಟ್ನಾ?"

"ಉಂಗುರ ತೇಯಮ್ಮ. ಅದೂ ಚಿನ್ನವೇ."

"ಉಂಗ್ರ ಅಂಗ್ಡೀದು ಕಣ್ಲಾ. ಇದು ನಿಮ್ಮಪ್ಪನ ನಾಲ್ಗೆ ಕಂಡೈತೆ."

ಹೆಂಡತಿಗೆ ಬೆಂಗಳೂರಿನಲ್ಲಿ ತಪಾಸಣೆಯಿದ್ದ ದಿನವೇ ವರಹವನ್ನೂ ಕೊಟ್ಟುಬರುವುದೆಂದು ಹೊರಟೆವು. ವರಹವನ್ನು ಹತ್ತಿಯಲ್ಲಿ ಸುತ್ತಿ, ಕ್ಯಾಮರಾ ರೀಲಿನ ಖಾಲಿ ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಂಡಿದ್ದೆ. ಬಿಡದಿಯ ಬಸ್‌ ಸ್ಟಾಪಿನ ಹಿಂದೆ ರಸ್ತೆ ಅಗಲ ಮಾಡಲು ಚರಂಡಿ ತೋಡಿದ್ದರು. ಹಾಲಿನ ವ್ಯಾನಿಗಾಗಿ ಕಾಯುತ್ತಿದ್ದ ಹೆಂಗಸೊಬ್ಬಳು ಕ್ಯಾನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು.

"ಒಸಿ ಸರ್ಕೊ ಕಣವ್ವ. ನೀನ್ ಅಡ್ಡ ನಿಂತ್ಕಂಡ್ರೆ ವ್ಯಾನ್‌ನೋನ್ಗೆ ನನ್ ಕ್ಯಾನ್ ಹೆಂಗ್ ಕಾಣ್ತದೆ?"

ಬಿಸಿಲಿಗೆ ಹೆಂಡತಿಯೂ ಬೇಸತ್ತಿದ್ದಳು. "ರಸ್ತೆ ಏನು ನಿಮ್ಮದಾ?"

"ನಮ್ದೇ. ನಮ್ ಹೊಲ್ದಾಗೇ ಹೋಗಿರದು."

ಅಷ್ಟರಲ್ಲಿ ಉಕ್ಕಿನ ತಗಡಿನ ಸುರುಳಿ ಹೇರಿದ್ದ ಲಾರಿಯೊಂದು ಕೈಗಾರಿಕಾ ಪ್ರದೇಶದ ಕಡೆ ತಿರುಗಿತು. ಅಂಥ ಸುರುಳಿಗಳನ್ನು ನಾನು ದಿನವೂ ನೋಡುತ್ತೇನೆ. ಒಂದೊಂದೂ ಕೆಲವು ಟನ್ ತೂಗುತ್ತದೆ. ಸುರುಳಿಯನ್ನು ಬಿಗಿದಿದ್ದ ಚೈನು ತುಂಡಾದಾಗ ದೊಡ್ಡ ಸದ್ದೇನೂ ಬರಲಿಲ್ಲ, ಬಾವಿಯ ರಾಟೆ ಜಾರಿದಂಥ ಸಣ್ಣ ಶಬ್ದ. ಸುರುಳಿ ಕೆಳಗುರುಳಿ, ನೆಟ್ಟಗೆ ನಿಂತು, ಯಾವ ಅವಸರವೂ ಇಲ್ಲದಂತೆ ನಮ್ಮ ಕಡೆ ಉರುಳತೊಡಗಿತು. ಅದು ಎತ್ತ ಹೊರಳುತ್ತದೆಂದು ನೋಡುತ್ತ ನಾನು ನಿಂತೇ ಇದ್ದೆ. ಆ ಹೆಂಗಸು ಎದ್ದವಳೇ ನನ್ನ ಹೆಂಡತಿಯ ನಡುವಿಗೆ ಕೈ ಹಾಕಿ, ಹೋಗುವ ದಾರಿಯಲ್ಲೇ ನನ್ನನ್ನೂ ಭುಜದಿಂದ ತಳ್ಳಿ, ಹಿಂದಕ್ಕೆ ಚರಂಡಿಗೆ ಬಿದ್ದಳು. ಸುರುಳಿ ನಾವು ನಿಂತಿದ್ದ ಜಾಗದ ಮೇಲೆ ಹಾದು, ಹಾಲಿನ ಕ್ಯಾನನ್ನು ಅಪ್ಪಚ್ಚಿ ಮಾಡಿ, ಚರಂಡಿಯ ಅಂಚಿನ ಮಣ್ಣುಗುಡ್ಡೆಗೆ ತಾಗಿ ನಿಂತಿತು. ಟಾರಿನ ಮೇಲೆ ಹಾಲು ಹರಿಯುತ್ತಿತ್ತು.

ನನ್ನ ಹೆಂಡತಿ ಅವಳ ಮೇಲೆ ಅಂಗಾತ ಬಿದ್ದಿದ್ದಳು. ಕೆಳಗಿಂದ ಅವಳು ಕೇಳಿದಳು, "ಹೊಟ್ಟೆಗೇನೂ ತಾಗ್ನಿಲ್ಲ ತಾನೆ?" ತಾಗಿರಲಿಲ್ಲ. ತರಚಿದ್ದು ಆ ಹೆಂಗಸಿನ ಮೊಣಕೈ. ಎದ್ದವಳು ಸೀರೆ ಕೊಡವಿಕೊಂಡು, ಕ್ಯಾನಿನ ಗತಿ ನೋಡಿ, ಲಾರಿಯವನನ್ನು ಬೈಯಲು ಹೋದಳು.

ಬೆಂಗಳೂರಿನ ಮಾತು ಬಿಟ್ಟು ಬಿಡದಿಯ ಆಸ್ಪತ್ರೆಗೇ ಹೋದೆವು. ಅಲ್ಲಿ ಮಗುವಿನ ಎದೆಬಡಿತ ಕೇಳಿಸಿದರು. ಅದು ಸರಿಯಾಗಿತ್ತು. ನನ್ನದು ಸರಿಹೋಗಲಿಲ್ಲ. ಊಟ ಮಾಡುವಾಗ, ಗೇಜು ಹಿಡಿದು ಅಳತೆ ನೋಡುವಾಗ ಆ ಸುರುಳಿ ಮತ್ತೆ ನೆಟ್ಟಗೆ ನಿಂತು ನನ್ನ ಕಡೆ ಹೊರಡುತ್ತಿತ್ತು. ಹೆಂಡತಿಯನ್ನು ಅಂಗಡಿಗೂ ಕಳಿಸುತ್ತಿರಲಿಲ್ಲ. ಡಬ್ಬಿ ತೆರೆದು ವರಹವನ್ನು ನೋಡಿದಾಗಲೆಲ್ಲ, ಇದೊಂದನ್ನಾದರೂ ಏನೂ ತಾಗದ ಹಾಗೆ ಮುಚ್ಚಿಟ್ಟುಬಿಡಬೇಕು ಎನ್ನಿಸುತ್ತಿತ್ತು. ಮೊದಲು ಬರೀ ಆಸೆಯಾಗಿದ್ದದ್ದು ಈಗ ಹಟವಾಯಿತು. ಆದರೆ ಬೆಂಗಳೂರಿಗೆ ಹೋಗಬೇಕಾದರೆ ಅದೇ ಸ್ಟಾಪಿನಲ್ಲಿ ನಿಲ್ಲಬೇಕಿತ್ತು. ವ್ಯಾಪಾರಿ ಫೋನು ಮಾಡಿದಾಗಲೆಲ್ಲ ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದೆ.

ರಾಮನಗರದ ತವರಿನಲ್ಲಿ ಹೆಂಡತಿಗೆ ಹೆಣ್ಣುಮಗುವಾಯಿತು. ಅಮ್ಮ ಸಾಣೆಕಲ್ಲು, ಜೇನಿನ ಸೀಸೆ ಹಿಡಿದು ಬಂದಿಳಿದಳು. ಬಂದವಳೇ ನನ್ನ ಜೇಬು ನೋಡಿದಳು. ನಾನು ಉಂಗುರ ಬಿಚ್ಚತೊಡಗಿದೆ.

ಹೆಂಡತಿ ಮಲಗಿದ್ದಲ್ಲಿಂದಲೇ ಹೇಳಿದಳು. "ವರಹವನ್ನೇ ತೇಯಲಿ. ಆದರೆ ನಿಮ್ಮಮ್ಮನೂ ಬೇಡ, ನಮ್ಮಮ್ಮನೂ ಬೇಡ. ಆ ಹಾಲಿನವರನ್ನ ಕರ್ಕೊಂಡು ಬನ್ನಿ. ನನ್ನ ಮಗಳಿಗೆ ಅವರ ಗುಣ ಬರಲಿ."

ಅಮ್ಮ ಬೇಸರ ಮಾಡಿಕೊಂಡಾಳೆಂದು ನೋಡಿದೆ. "ಇನ್ನೂ ಏನ್ಲಾ ನಿಂತಿದೀಯ, ಕರ್ಕಂಡ್ ಬಾ ಓಗು" ಎಂದಳು.

ಹೀಗೆ ನಾನು ಮತ್ತೆ ಆ ಸ್ಟಾಪಿನಲ್ಲಿ ನಿಂತೆ. ಅವಳು ಹೊಸ ಕ್ಯಾನಿನ ಪಕ್ಕ ಕೂತಿದ್ದಳು. ವಿಷಯ ಹೇಳಿದೆ.

"ನಾನಾ? ನನ್ ಬಾಯಿ ಗೊತ್ತಲ್ಲ ನಿಮ್ಗೆ. ಮಗು ಬಜಾರಿ ಆಗ್ಬುಟ್ಟಾತು."

"ಆಗಲಿ ಬನ್ನಿ."

"ವ್ಯಾನು ಬಂದ್ ಓಗ್ಲಿ, ಬತ್ತೀನಿ. ಅಲ್ಲೀಗಂಟ ನೀವ್ ಒಸಿ ಹಿಂದಕ್ ನಿಂತ್ಕಳಿ, ಕ್ಯಾನ್ ಕಾಣಾಕಿಲ್ಲ."

ಹಿಂದಕ್ಕೆ ನಿಂತೆ. ಲಾರಿಗಳು ತಿರುಗುತ್ತಲೇ ಇದ್ದವು. ಒಂದೊಂದರ ಚೈನನ್ನೂ ನೋಡುತ್ತ, ವ್ಯಾನು ಬಂದು ಹೋಗುವವರೆಗೆ ಅಲ್ಲೇ ನಿಂತಿದ್ದೆ.

ರಾಮನಗರದ ಮನೆಯಲ್ಲಿ ಅವಳು ಕೈಕಾಲು ತೊಳೆದು ಬಂದು ಸಾಣೆಕಲ್ಲಿನ ಮುಂದೆ ಕೂತಳು. ಡಬ್ಬಿಯಿಂದ ವರಹ ತೆಗೆದು ಅವಳ ಅಂಗೈಗೆ ಹಾಕಿದೆ. ಹಾಲು ಕರೆದು ಬಲಿತ ಬೆರಳುಗಳು ಅವು. ರಾಗಿ ಬೀಸುವವಳ ಹಾಗೆ ಒತ್ತಿ ಒತ್ತಿ ತೇಯತೊಡಗಿದಳು.

"ಸಾಕು ಸಾಕು" ಎಂದೆ.

"ಏನ್ ಸಾಕು? ಜೇನ್ಗೆ ಬಣ್ಣ ತಿರುಗ್ಬ್ಯಾಡ್ವಾ?" ಅಮ್ಮನ ಕಡೆ ತಿರುಗಿದಳು. "ಇವ್ರು ಯಾವಾಗ್ಲೂ ಇಂಗೇಯಾ?"

"ಇವ್ನಿಗೆ ಸವರ್ದೋಳು ಅಂಗಿದ್ಳು ಕಣವ್ವ" ಎಂದಳು ಅಮ್ಮ.

ಬೆರಳ ತುದಿಯಲ್ಲಿ ಒಂದು ಹನಿ ಜೇನು ತೆಗೆದು ಮಗುವಿನ ನಾಲಿಗೆಗೆ ಸವರಿದಳು. ಮಗು ಮುಖ ಕಿವುಚಿ, ಆಮೇಲೆ ಅವಳ ಬೆರಳನ್ನೇ ಚೀಪತೊಡಗಿತು. ಅವಳ ಮೊಣಕೈಯಲ್ಲಿ ಆವತ್ತಿನ ಗಾಯ ಒಣಗಿ, ಅಲ್ಲಿನ ಚರ್ಮ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ವರಹವನ್ನು ತೊಳೆದು ಕೊಟ್ಟಳು. ಬೆಳಕಿಗೆ ಹಿಡಿದು ನೋಡಿದೆ. ಪಾರ್ವತಿಯ ಮಂಡಿ ಇರಲಿಲ್ಲ. ಸಂಕಟವಾಗುತ್ತದೆಂದುಕೊಂಡಿದ್ದೆ, ಆಗಲಿಲ್ಲ. ಅಷ್ಟು ದಿನ ಬಿಗಿಹಿಡಿದಿದ್ದ ಮುಷ್ಟಿ ಬಿಟ್ಟಂತಾಯಿತು. ವ್ಯಾಪಾರಿಗೆ ನಾನೇ ಫೋನು ಮಾಡಿ ಕಳಿಸುವುದಿಲ್ಲವೆಂದು ಹೇಳಿದೆ. ಮಂಡಿ ಹೋಯಿತಾ ಎಂದು ಅವರು ನೊಂದುಕೊಂಡರು. ಹೋಯಿತು, ನೀವು ಭೂತಗನ್ನಡಿ ಹಿಡಿದು ತಿಳಿಸಿದ್ದರಿಂದಲೇ ಅಲ್ಲೊಂದು ಮಂಡಿ ಇದ್ದದ್ದು ನನಗೆ ಗೊತ್ತಾದದ್ದು ಎಂದು ವಂದನೆ ಹೇಳಿದೆ.

ಚೈನಿನ ಸದ್ದಿಗೆ ಈಗಲೂ ಬೆಚ್ಚುತ್ತೇನೆ. ಆದರೆ ಆಗ ಹೆಚ್ಚಾಗಿ ಮನೆಯೊಳಗಿನಿಂದ, ಈಗ ಮಾತು ಕಲಿತಿರುವ ಮಗಳ ದನಿ ಕೇಳುತ್ತಿರುತ್ತದೆ, ಯಾರನ್ನೋ ಒಸಿ ಸರ್ಕೊ ಎಂದು ಗದರಿಸುತ್ತಾ.