ಕಾಫಿ ಮೊದಲು ಬಂತು

ಲೋಟದ ಮೇಲಿನ ನೊರೆ ಇನ್ನೂ ಇಳಿದಿರಲಿಲ್ಲ. ವಸುಧಾಳ ಎಡಗೈಯಲ್ಲಿ ಲೋಟವಿತ್ತು, ಬಲಗೈಯಲ್ಲಿ ಹಗ್ಗದ ತುದಿ. ಗಂಟು ಮುಕ್ಕಾಲು ಕಟ್ಟಿಯಾಗಿತ್ತು.

ಮೊದಲು ಕಾಫಿ ಬಂತು. ಆಮೇಲೆ ನಾನು "ನೋಡಿದೆ" ಎಂದೆ. ನೋಡಿರಲಿಲ್ಲ. ಅದಾದ ಮೇಲೆ, ಕೇಳಿದವರಿಗೆಲ್ಲ, ಇದನ್ನು ಹಿಂದುಮುಂದು ಮಾಡಿ ಹೇಳಿದೆ — ನಾನು ನೋಡಿದ್ದು ಮೊದಲು, ಕಾಫಿ ಬಂದದ್ದು ಆಮೇಲೆ ಎಂದು. ನಾನು ಮಾಡಿದ್ದು ಇಷ್ಟೇ. "ಇಷ್ಟೇ" ಎಂದು ಬರೆದ ಕೂಡಲೇ ಅದನ್ನು ಹೊಡೆದುಹಾಕಬೇಕು ಅನ್ನಿಸಿತು. ಬೇಡ, ಇರಲಿ. ಇಷ್ಟು ವರ್ಷ ಅದನ್ನು ಅಷ್ಟೇ ಸಣ್ಣದು ಎಂದುಕೊಂಡೇ ಬದುಕಿದ್ದೇನೆ.

ನಾವು ಮರ ಹತ್ತುವವರು. ಮರವನ್ನು ಉಳಿಸಿಕೊಂಡು ಒಣಗಿದ ಕೊಂಬೆಯನ್ನಷ್ಟೇ ತೆಗೆಸಬೇಕು ಎನ್ನುವವರು ಮಲ್ಲೇಶ್ವರಂ, ಬಸವನಗುಡಿಯ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂಥವರು ನಮ್ಮ ಪುಟ್ಟ ತಂಡವನ್ನು ಕರೆಸುತ್ತಾರೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಣಗಿಸಿದ ಎಲೆಗಳ ನಡುವೆ ಕೂರಲಾರದೆ ನಾನು ಇದಕ್ಕೆ ಬಂದೆ. ವಸುಧಾ ನನಗಿಂತ ಮೊದಲೇ ಇದ್ದಳು. ತಂಡದ ಹಿರಿಯರಾದ ಗಿರೀಶಣ್ಣ ನಮ್ಮಿಬ್ಬರನ್ನು ಜೋಡಿ ಮಾಡಿದರು. ಅವಳು ಮಾತಿನ ಮಲ್ಲಿ. ನಾನು ಚಾಮರಾಜಪೇಟೆಯ ಒಂದು ಮಹಡಿಯ ಕೋಣೆಯಲ್ಲಿ ಒಬ್ಬಳೇ ಇದ್ದು, ಸಂಜೆ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಬಿಚ್ಚಿ ಅಭ್ಯಾಸ ಮಾಡುವವಳು. ದಿನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ — ಅದೂ ನೆಲದ ಮೇಲಲ್ಲ, ಕೊಂಬೆಯ ಕವಲಿನಲ್ಲಿ ಕೂತು, ಕೆಳಗಿನವರಿಗೆ ಕೇಳದ ಎತ್ತರದಲ್ಲಿ.

ನಮ್ಮಲ್ಲಿ ಒಂದು ಪದ್ಧತಿಯಿದೆ. ತನ್ನ ಗಂಟನ್ನು ತಾನೇ ಪರೀಕ್ಷಿಸಿಕೊಂಡು ಯಾರೂ ಹತ್ತುವಂತಿಲ್ಲ. ಜೊತೆಗಾರರು ಹತ್ತಿರ ಬರಬೇಕು, ಹಗ್ಗ ಹೋದ ದಾರಿಯಲ್ಲೇ ಬೆರಳನ್ನು ಹಾಯಿಸಬೇಕು, ಪ್ರತಿ ಎಳೆಯನ್ನೂ ಜಗ್ಗಿ ಗಂಟು ಕೂತಿದೆಯೇ ಎಂದು ತಿಳಿಯಬೇಕು, ಆಮೇಲೆ "ನೋಡಿದೆ" ಎನ್ನಬೇಕು. ಆ ಮಾತು ಬಿದ್ದ ಮೇಲೆಯೇ ಕಾಲು ನೆಲ ಬಿಡುವುದು.

ಅಂದು ಹಗ್ಗ ಹೊಸದು. ಹಳೆಯದರ ತುದಿಯಲ್ಲಿ ಹೆಣೆದು ಹೊಲಿದ ಕುಣಿಕೆಯಂಥ ಕಣ್ಣಿತ್ತು, ಅದನ್ನು ಸೊಂಟಪಟ್ಟಿಯ ಕೊಂಡಿಗೆ ಸಿಕ್ಕಿಸಿದರೆ ಸಾಕಿತ್ತು. ಆದರೆ ಅದರ ಹೊರಕವಚ ಸವೆದಿತ್ತು ಎಂದು ನಾವೇ ಅದನ್ನು ತೆಗೆದಿಟ್ಟಿದ್ದೆವು. ಹೊಸ ಹಗ್ಗಕ್ಕೆ ಕಣ್ಣು ಹೆಣೆಯುವುದು ನನ್ನ ಕೆಲಸ. ಆಗಿರಲಿಲ್ಲ. ಹಾಗಾಗಿ ಹಗ್ಗದ ತುದಿಯನ್ನೇ ಕುಣಿಕೆ ಮಾಡಿ ಬೋಲೈನ್ ಗಂಟು ಹಾಕುವುದೆಂದಾಯಿತು. ಅದರಲ್ಲಿ ತಪ್ಪಿಲ್ಲ, ಅದು ಒಳ್ಳೆಯ ಗಂಟು. ಎಷ್ಟು ಭಾರ ಬಿದ್ದರೂ ಬಿಗಿದುಕೊಂಡು ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚುತ್ತದೆ. ಅದರ ದೌರ್ಬಲ್ಯ ಒಂದೇ. ಹೊಸ ಹಗ್ಗ ಬಿರುಸಾಗಿರುತ್ತದೆ, ಭಾರವಿಲ್ಲದಾಗ ಅಲುಗಾಡಿದರೆ ಗಂಟು ತಾನಾಗಿಯೇ ಸಡಿಲವಾಗುತ್ತದೆ. ಅದಕ್ಕೆ ಗಂಟಿನಾಚೆ ಉಳಿದ ಹಗ್ಗದ ಬಾಲವನ್ನು ಮತ್ತೊಮ್ಮೆ ಸುತ್ತಿ ಒಳಗೆ ತೂರಿಸಿ ಭದ್ರಪಡಿಸಬೇಕು. ನಾವು ಅದನ್ನು ಲಾಕ್ ಎನ್ನುತ್ತಿದ್ದೆವು.

ಮಲ್ಲೇಶ್ವರದ ಒಂದು ಮನೆಯ ನೇರಳೆ ಮರ ಅದು. ಒಣಗಿದ ಕೊಂಬೆಯೊಂದು ಕಾರು ನಿಲ್ಲಿಸುವ ಕಡೆಗೆ ವಾಲಿತ್ತು. ವಸುಧಾ ಬೋಲೈನ್ ಕಟ್ಟಿದಳು. ಬಾಲವನ್ನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಮನೆಯ ಆಂಟಿ ತಟ್ಟೆ ಹಿಡಿದು ಬಂದರು.

"ಬನ್ನಿ ಬನ್ನಿ, ಕುಡಿದ್ಬಿಟ್ಟು ಹತ್ತಿ. ಆರಿದ್ ಮೇಲೆ ಅದೇನ್ ಕಾಫಿ?" ಎಂದವರು ವಸುಧಾಳ ಕೈಗೆ ಲೋಟ ಕೊಡುತ್ತಾ, "ಏನಮ್ಮಾ ಮದುವೆ ಹುಡುಗಿ! ನಿಮ್ಮಮ್ಮ ದೇವಸ್ಥಾನದಲ್ಲಿ ಸಿಕ್ಕಿದ್ರು. ಸೊಸೆ ಮರ ಹತ್ತತಾಳೆ ಅಂತ ಗಂಡಿನ ಕಡೆಯವ್ರಿಗೆ ಹೇಳಿದೀರಾ ಇಲ್ವಾ?" ಎಂದರು.

"ಗೊತ್ತಿದ್ದೇ ಒಪ್ಪಿರೋದು ಆಂಟಿ," ಗಿರೀಶಣ್ಣ ನಕ್ಕರು. "ತೆಂಗಿನಕಾಯಿ ಕೀಳೋಕೆ ಆಳು ಹುಡ್ಕೋದು ತಪ್ತಲ್ಲ!"

ಎಲ್ಲರೂ ನಕ್ಕರು. ವಸುಧಾ ನನ್ನ ಕಡೆ ನೋಡಿದಳು — ಏನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಮುಖ ತಿರುಗಿಸಿದ್ದೆ. ಗಿರೀಶಣ್ಣನಿಗೆ ಗೊತ್ತಿತ್ತು. ಆ ಮನೆಯ ಆಂಟಿಗೆ ಗೊತ್ತಿತ್ತು. ನನಗೆ —

ನಾನು ಲೋಟ ಹಿಡಿದು ಮರದ ಆಚೆ ಬದಿಗೆ ಹೋದೆ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ತೊಗಟೆಯ ಮೇಲೆ ಇರುವೆಗಳು ಸಾಲಾಗಿ ಇಳಿಯುತ್ತಿದ್ದವು. ಅವನ್ನು ನೋಡುತ್ತಾ ನಿಂತೆ. ಗಿರೀಶಣ್ಣ, ಆಂಟಿ ಮಾತಾಡುತ್ತಾ ಗೇಟಿನ ಕಡೆ ಹೋದದ್ದು ಕೇಳಿಸಿತು.

"ಚಿತ್ರಾ, ನೋಡ್ದ್ಯೇನೆ?" ಎಂದು ವಸುಧಾ ಕೂಗಿದಳು.

ಹತ್ತಿರ ಹೋಗಬೇಕಿತ್ತು. ಅವಳ ಸೊಂಟದ ಬಳಿ ಬಗ್ಗಿ ಹಗ್ಗ ಮುಟ್ಟಬೇಕಿತ್ತು. ಅಷ್ಟು ಹತ್ತಿರದಲ್ಲಿ ಅವಳಿಗೆ ನನ್ನ ಮುಖ ಕಂಡುಬಿಡುತ್ತಿತ್ತು. ಕಾಂಡದ ಹಿಂದೆ ನಿಂತಲ್ಲಿಂದಲೇ ಹೇಳಿದೆ — "ನೋಡಿದೆ."

ನಾನು ಆಚೆಯಿಂದ ಬಗ್ಗಿ ನೋಡಿರಬೇಕು ಎಂದು ಅವಳು ನಂಬಿದಳು. ನಂಬದಿರಲು ಅವಳಿಗೆ ಕಾರಣವಾದರೂ ಏನಿತ್ತು?

ಮೊದಲ ಕವಲಿನವರೆಗೆ ಹಗ್ಗ ಅವಳ ಭಾರವನ್ನು ಹೊತ್ತಿತು. ಅಲ್ಲಿ ಅವಳು ಚಿಕ್ಕ ಪಟ್ಟಿಯಿಂದ ತನ್ನನ್ನು ಕೊಂಬೆಗೆ ಬಿಗಿದುಕೊಂಡು, ಹಗ್ಗವನ್ನು ಮೇಲಿನ ಕೊಂಬೆಗೆ ದಾಟಿಸಿದಳು. ಭಾರವಿಲ್ಲದ ಹಗ್ಗ ಆ ಹೊತ್ತೆಲ್ಲ ಅಲುಗಾಡುತ್ತಿತ್ತು. ಆಮೇಲೆ ಪಟ್ಟಿ ಬಿಚ್ಚಿ ಹಿಂದಕ್ಕೆ ವಾಲಿದಳು. ಕಿರುಚಲೂ ಇಲ್ಲ. ಕಾರಿನ ಶೆಡ್ಡಿನ ತಗಡಿನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿದ್ದಳು. ಮೇಲೆ ಹಗ್ಗದ ತುದಿ ತೂಗಾಡುತ್ತಿತ್ತು, ಅದರಲ್ಲಿ ಗಂಟೇ ಇರಲಿಲ್ಲ.

ತೊಡೆಯ ಮೂಳೆ ಮುರಿದಿತ್ತು, ಎಡಗೈಯ ಮಣಿಕಟ್ಟು ಕೂಡ. ಗಿರೀಶಣ್ಣ ಕೇಳಿದಾಗ "ನಾನು ನೋಡಿದಾಗ ಲಾಕ್ ಇತ್ತು" ಎಂದೆ. ಅವಳು ಬಿದ್ದ ಮೇಲಿನ ಈ ಮೊದಲ ಸುಳ್ಳು ಭಯದಿಂದ ಬಂತು, ಅದನ್ನು ಅರ್ಥಮಾಡಿಕೊಳ್ಳಬಲ್ಲೆ. ಎರಡನೆಯದು ಬಂದದ್ದು ಆಸ್ಪತ್ರೆಯಲ್ಲಿ, ಅವಳ ಮಂಚದ ಪಕ್ಕ, ಯೋಚಿಸಲು ಸಾಕಷ್ಟು ಸಮಯ ಸಿಕ್ಕ ಮೇಲೆ.

"ನೀನ್ ನೋಡ್ದಾಗ ಲಾಕ್ ಇತ್ತಲ್ವಾ?"

"ಇತ್ತು."

"ಮತ್ತೆ ಹೆಂಗೆ ಕಣೆ... ಕಾಫಿ ಬಂದಿದ್ದು ಆಮೇಲಾ? ನಂಗೆ ಎಲ್ಲಾ ಕಲಸಿಹೋಗಿದೆ."

"ಹೂಂ. ಆಮೇಲೆ ಬಂತು."

"ಹಂಗಾದ್ರೆ ಲೋಟ ಇಸ್ಕೊಳ್ಳೋವಾಗ ನಾನೇ ಬಿಚ್ಚಿರ್ಬೇಕು."

"ಇರಬಹುದು."

ಅವಳು ಕಣ್ಣು ಮುಚ್ಚಿಕೊಂಡು ಬಲಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದಳು — ಗಂಟು ಕಟ್ಟುವ ಹಾಗೆ, ಬಿಚ್ಚುವ ಹಾಗೆ. ನೆನಪನ್ನು ಬೆರಳುಗಳಿಂದಲೇ ಹುಡುಕುತ್ತಿದ್ದಳು. ನಾನು ನೋಡುತ್ತಾ ಕೂತೆ. ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು: "ನೀನ್ಯಾಕೆ ಸಪ್ಪಗಿದೀಯ? ತಪ್ಪು ನಂದು. ಮದುವೆ ವಿಷ್ಯ ನಿಂಗೆ ಅವತ್ತು ಮರದ ಮೇಲೆ ಕೂತು ಹೇಳೋಣ ಅಂತಿದ್ದೆ ಕಣೆ. ಆ ಆಂಟಿ ಮೊದ್ಲೇ ಬಾಯಿ ಬಿಟ್ಬಿಟ್ರು."

ಕಾಫಿ ತಂದದ್ದು ಯಾವಾಗ ಎಂದು ಆಂಟಿಯನ್ನು ಯಾರೂ ಕೇಳಲಿಲ್ಲ. ಗಿರೀಶಣ್ಣ ತಂಡಕ್ಕೆ ಒಂದು ಕಟ್ಟುಪಾಡು ಮಾಡಿದರು: ಕೆಲಸ ಮುಗಿಯುವವರೆಗೆ ಯಾರ ಮನೆಯ ಕಾಫಿಯೂ ಬೇಡ. ಹೊಸಬರು ಬಂದಾಗಲೆಲ್ಲ ಕಾರಣವನ್ನೂ ಹೇಳುತ್ತಾರೆ — "ವಸುಧಾ ಅಂತ ಇದ್ಲು. ಒಳ್ಳೇ ಕೆಲಸಗಾರ್ತಿ. ಚೆಕ್ ಆದ್ಮೇಲೆ ಗಂಟು ಮುಟ್ಟಿದ್ಲು, ನೋಡಿ ಏನಾಯ್ತು." ಪ್ರತಿ ಸಲವೂ ನಾನು ಅಲ್ಲಿಯೇ ಇರುತ್ತೇನೆ, ಹಗ್ಗ ಸುತ್ತುತ್ತಾ. ಅವಳ ಹೆಸರು ನಮ್ಮಲ್ಲಿ ಒಂದು ಪಾಠವಾಗಿಬಿಟ್ಟಿದೆ. ಅವಳ ನಂತರ ಯಾರ ಜೊತೆಯೂ ನಾನು ಕವಲಿನಲ್ಲಿ ಕೂತು ಮಾತಾಡಿಲ್ಲ. ಮಾತಾಡಿದರೆ ಇದೇ ಮಾತು ಹೊರಬರಬಹುದು ಎಂಬ ಹೆದರಿಕೆ. ಮೇಲೆ ಹೋಗುತ್ತೇನೆ, ಕೊಯ್ಯುತ್ತೇನೆ, ಇಳಿಯುತ್ತೇನೆ.

ಅವಳ ಮದುವೆ ತಡವಾಗಿ ನಡೆಯಿತು. ಮೂಳೆ ಕೂಡಿಕೊಂಡಿತು, ಸ್ವಲ್ಪ ಎಳೆದು ನಡೆಯುತ್ತಾಳೆ. ಮತ್ತೆ ಮರ ಹತ್ತಲಿಲ್ಲ. ಕಾಲಿನಿಂದಾಗಿ ಎಂದು ನಾನು ತಿಳಿದಿದ್ದೆ — ಹಾಗೆ ತಿಳಿದುಕೊಳ್ಳುವುದು ಅನುಕೂಲವಾಗಿತ್ತು.

ಕಳೆದ ತಿಂಗಳು ಅವಳ ಮಗಳ ನಾಮಕರಣ, ವೈಯಾಲಿಕಾವಲಿನ ತವರುಮನೆಯಲ್ಲಿ. ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಿ ಕರೆದಳು. ಮನೆಯ ಹಳೆಯ ಮರದ ತೊಟ್ಟಿಲಿನ ಸರಪಣಿ ತುಕ್ಕು ಹಿಡಿದಿತ್ತು, ಹಗ್ಗ ಕಟ್ಟಬೇಕಿತ್ತು. ಅವಳ ಅಮ್ಮ ಮಾರ್ಕೆಟ್ಟಿನಿಂದ ಹೊಳೆಯುವ ನೈಲಾನ್ ಹಗ್ಗ ತಂದಿಟ್ಟಿದ್ದರು. ಅದು ಜಾರುತ್ತದೆ, ಗಂಟು ನಿಲ್ಲುವುದಿಲ್ಲ ಎಂದೆ. ನನ್ನ ಚೀಲದಿಂದ ಬೇರೆ ಹಗ್ಗ ತೆಗೆದೆ.

"ಒಂದು ತೊಟ್ಟಿಲು ಕಟ್ಟೋಕೆ ಎಂ.ಎಸ್ಸಿ. ಬೇಕಾಯ್ತು ನೋಡು," ಎಂದು ಅವಳ ಅಮ್ಮ ನಕ್ಕರು. "ನಾನ್ ಕಟ್ತೀನಿ ಅಂದ್ರೂ ಬೇಡ, ಇವಳೂ ಕಟ್ಟಲ್ಲ. ಚಿತ್ರಾನೇ ಬರ್ಬೇಕಂತೆ."

"ನಾನ್ ಕಟ್ಟಿದ್ರೆ ನಂಗೆ ನಿದ್ದೆ ಬರಲ್ಲಮ್ಮ," ಎಂದಳು ವಸುಧಾ. ಮಗುವಿನ ಮುಖದ ಮೇಲಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು: "ಕುಕ್ಕರ್ ಮುಚ್ಚಳ ಹಾಕಿದ್ರೂ ಅಮ್ಮನ್ನ ಕರೆದು ತೋರಿಸ್ತೀನಿ. ನನ್ ಕೈ ಏನ್ ಮಾಡತ್ತೋ ನಂಗೇ ಗೊತ್ತಾಗಲ್ಲ ಕಣೆ. ಮಾಡಿದ್ದು ನೆನಪೂ ಇರಲ್ಲ. ಅವತ್ತು ಇರ್ಲಿಲ್ವಲ್ಲ, ಹಂಗೆ."

ನಾನು ಸ್ಟೂಲಿನ ಮೇಲೆ ನಿಂತಿದ್ದೆ, ಕೈ ಜಂತಿಯ ಕೊಂಡಿಯಲ್ಲಿತ್ತು. ಅವಳ ನೆನಪು ಸರಿಯಾಗಿಯೇ ಇತ್ತು. ಅದನ್ನು ಕೆಡಿಸಿದವಳು ನಾನು. ಆಗಲೇ ಹೇಳಬಹುದಿತ್ತು. ಗಂಟನ್ನು ಕೂರಿಸಿ, ಲಾಕ್ ಹಾಕಿ, ನನ್ನ ಭಾರ ಬಿಟ್ಟು ಜಗ್ಗಿ ನೋಡಿ, ಊಟ ಬೇಡವೆಂದು ಬಸ್ಸು ಹತ್ತಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ, ನೆಂಟರು ಬರುವ ಮೊದಲೇ ಹೋದೆ. ವಸುಧಾ ನಡುಮನೆಯಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹೂ ಬಿಡಿಸುತ್ತಿದ್ದಳು. ನಾನು ಸ್ಟೂಲು ಎಳೆದು ಹತ್ತಿ, ಹಿಂದಿನ ದಿನ ಕಟ್ಟಿದ್ದ ಗಂಟನ್ನು ಬಿಚ್ಚಿದೆ. "ಲೇ, ಏನ್ ಮಾಡ್ತಿದೀಯೆ?" ಎಂದಳು. ಕೆಳಗಿಳಿದು ಹಗ್ಗವನ್ನು ಅವಳ ಮುಂದೆ ಇಟ್ಟೆ.

"ಅವತ್ತು ಕಾಫಿ ಮೊದಲು ಬಂತು ವಸುಧಾ. ನೀನು ಲಾಕ್ ಹಾಕೋಕೆ ಮುಂಚೆ. ಆಮೇಲೆ ನೀನು ಏನೂ ಬಿಚ್ಚಲಿಲ್ಲ. ನಾನು ನೋಡಿರಲಿಲ್ಲ, ನೋಡಿದೆ ಅಂದೆ."

ಅವಳು ಹೂವನ್ನು ಬದಿಗಿಟ್ಟು, ಮಗುವನ್ನು ಚಾಪೆಯ ಮೇಲೆ ಮಲಗಿಸಿ ಎದ್ದಳು. ಕಾಲು ಎಳೆಯುತ್ತಾ ಬಂದು ಸ್ಟೂಲು ಹತ್ತಿದಳು. ಹಿಡಿದುಕೊಳ್ಳಲು ನಾನು ಕೈ ಚಾಚಿದೆ, ಅವಳು ಗೋಡೆ ಹಿಡಿದಳು. ಹಗ್ಗವನ್ನು ಕೊಂಡಿಯಲ್ಲಿ ತೂರಿಸಿ, ಬೋಲೈನ್ ಕಟ್ಟಿ, ಬಾಲವನ್ನು ಸುತ್ತಿ ಒಳಗೆ ಹಾಕಿ, ಒಂದೊಂದೇ ಎಳೆಯನ್ನು ಜಗ್ಗಿ ಕೂರಿಸಿದಳು. ಅವಳ ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ.

ನಾನು ಅವಳ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ ನಿಂತಿದ್ದೆ.

ಅವಳು ಅಡುಗೆಮನೆಯ ಕಡೆ ತಿರುಗಿ ಕೂಗಿದಳು — "ಅಮ್ಮಾ, ಸ್ವಲ್ಪ ಬಂದು ನೋಡ್ತೀಯಾ?"

ನಾನು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡೆ. ಬೀದಿಯ ತುದಿಗೆ ಬಂದು, ಗಿರೀಶಣ್ಣನಿಗೆ ಫೋನ್ ಮಾಡಿದೆ.